ಗೆದ್ದ ಕಡೆಯ ಮತ

ಬರ್ನಡೀನ್ ಶವಪೆಟ್ಟಿಗೆಯೊಳಗೆ ಕೈ ಹಾಕಿ ಗಂಡನ ಕೋಟಿನ ಮೇಲಿದ್ದ ಯೂನಿಯನ್ ಬ್ಯಾಜನ್ನು ಕಿತ್ತಳು. ಪಿನ್ನು ಬಟ್ಟೆಗೆ ಸಿಕ್ಕಿಕೊಂಡಿತ್ತು. ಎಳೆದ ರಭಸಕ್ಕೆ ಕೋಟಿನ ಎರಡು ನೂಲೂ ಜೊತೆಯಲ್ಲೇ ಬಂದವು. ಮುಚ್ಚಳ ಹಾಕಲು ನಿಂತಿದ್ದವನು ಏನಾದರೂ ಹೇಳಬೇಕೋ ಬೇಡವೋ ತಿಳಿಯದೆ ತನ್ನ ಬೂಟು ನೋಡಿಕೊಂಡ.

"ಬರ್ನೀ, ಏನಿದು ನೀನು ಮಾಡ್ತಿರೋದು?" ಎಂದ ಕ್ಲೆಮ್ ಹ್ಯಾಸ್ಕೆ. ಪೆಟ್ಟಿಗೆ ಹೊರುವ ಆರು ಜನರಲ್ಲಿ ಅವನೇ ಮೊದಲಿಗ. ಕಾಗದದ ಮಿಲ್ಲಿನಲ್ಲಿ ಸತ್ತವನ ಜೊತೆ ಮೂವತ್ತೊಂದು ವರ್ಷ ಪೈಪು ಜೋಡಿಸಿದವನು. "ಅದು ಲಿಯಾನ್‌ಗೆ ಮೂವತ್ತು ವರ್ಷದ ಸದಸ್ಯತ್ವಕ್ಕೆ ಕೊಟ್ಟಿದ್ದು."

"ಗೊತ್ತು. ಅದಕ್ಕೇ ಕಿತ್ತೆ. ತಗೋ, ನಿಮ್ಮದು ನೀವೇ ಇಟ್ಕೊಳ್ಳಿ."

"ಜನ ನೋಡ್ತಿದಾರೆ ಕಣೇ."

"ನೋಡ್ಲಿ ಬಿಡು. ಹೋದ ತಿಂಗಳು ಅವನು ಕೈ ಎತ್ತಿದ್ದನ್ನೂ ಇದೇ ಜನ ನೋಡಿದ್ರಲ್ಲ."

ಕ್ಲೆಮ್ ಬ್ಯಾಜನ್ನು ತನ್ನ ಜೇಬಿಗೆ ಹಾಕಿಕೊಂಡ. ಬರ್ನಡೀನ್ ಗಂಡನ ಮುಖವನ್ನು ಕೊನೆಯ ಸಲ ನೋಡಬೇಕಾದ ಹೊತ್ತು ಅದು. ನೋಡಿದಳು. ಬಣ್ಣ ಬಳಿದು ಅವನನ್ನು ಯಾವುದೋ ಬ್ಯಾಂಕಿನ ಮ್ಯಾನೇಜರನಂತೆ ಮಾಡಿಬಿಟ್ಟಿದ್ದರು. ಅಳು ಬರಲಿಲ್ಲ. ನಾಲ್ಕು ದಿನದಿಂದ ಅವಳಿಗೆ ಅಳು ಬಂದಿರಲಿಲ್ಲ, ಸಿಟ್ಟು ಮಾತ್ರ ಬರುತ್ತಿತ್ತು. ಸತ್ತವನ ಮೇಲೆ ಸಿಟ್ಟಾಗಬಾರದು ಎಂದು ಪಾದ್ರಿಯವರು ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದರು. "ಹಾಗಾದರೆ ಯಾರ ಮೇಲೆ ಆಗಲಿ ಫಾದರ್, ಹೆಸರು ಹೇಳಿ" ಎಂದು ಇವಳು ಕೇಳಿದ್ದಳು.

"ಮುಚ್ಚಿ," ಎಂದಳು ಈಗ.

* * *

ಲಿಯಾನ್ ಪ್ರುಸ್ಕಿ ಊರಿನಲ್ಲಿ ಯಾವುದಕ್ಕೂ ಹೆಸರಾದವನಲ್ಲ. ಹೆಸರಾಗಿದ್ದರೆ ಒಂದೇ ವಿಷಯಕ್ಕೆ, ಅದೂ ಬೇಸರ ತರಿಸುವುದಕ್ಕೆ. ಯೂನಿಯನ್ನಿನ ಸಭೆ ಪ್ರತಿ ತಿಂಗಳ ಎರಡನೇ ಶನಿವಾರ. ಕೊನೆಯಲ್ಲಿ 'ಸಂಘದ ಒಳಿತಿಗಾಗಿ ಯಾರಿಗಾದರೂ ಮಾತಾಡುವುದಿದೆಯೇ' ಎಂದು ಅಧ್ಯಕ್ಷ ಕೇಳಬೇಕು, ಅದು ಪದ್ಧತಿ. ಏಳು ವರ್ಷದಿಂದ ಆ ಪ್ರಶ್ನೆಗೆ ಎದ್ದು ನಿಲ್ಲುತ್ತಿದ್ದವನು ಲಿಯಾನ್ ಒಬ್ಬನೇ. ಅವನು ಎದ್ದನೆಂದರೆ ಉಳಿದವರು ಕೋಟು ಹಾಕಿಕೊಳ್ಳುತ್ತಿದ್ದರು.

ಮಾತಾಡಲು ಬರುತ್ತಿರಲಿಲ್ಲ ಅವನಿಗೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡವನಂತೆ ಗೊಣಗುತ್ತಿದ್ದ. ಹೇಳುತ್ತಿದ್ದದ್ದೂ ಅದೇ ಹಳೆಯ ಮಾತು. ಕಂಪನಿ ವಿಮೆಯ ಬದಲು ರಾಜ್ಯದಲ್ಲಿರುವ ಪ್ರತಿಯೊಬ್ಬರಿಗೂ ಒಂದೇ ಸರ್ಕಾರಿ ಆರೋಗ್ಯ ವಿಮೆ ಬರಬೇಕು, ರಾಜಧಾನಿ ಆಲ್ಬನಿಯಲ್ಲಿ ಅದರ ಮಸೂದೆ ಧೂಳು ತಿನ್ನುತ್ತಿದೆ, ನಮ್ಮ ಯೂನಿಯನ್ ಅದನ್ನು ಬೆಂಬಲಿಸಬೇಕು. ಕಂಪನಿ ಕೊಡುವ ವಿಮೆ ಕಂಪನಿ ಕಿತ್ತುಕೊಳ್ಳುವ ವಿಮೆ. ಇಷ್ಟೇ. ಹೇಳಿ ಕೂರುತ್ತಿದ್ದ.

ಕಳೆದ ತಿಂಗಳು ಅದು ಕೊನೆಗೂ ಠರಾವಾಗಿ ಬಂದಿತ್ತು. ತಂದವಳು ಸಿ ಪಾಳಿಯ ಡೆಸಿರೇ ಲಾಮಂಟ್, ಅನುಮೋದಿಸಿದವನು ಲಿಯಾನ್. ಆದರೆ ಅದೇ ದಿನ ಮಿಲ್ಲಿನಲ್ಲಿ ದೊಡ್ಡ ಯಂತ್ರ ನಿಂತುಹೋಗಿ ಠರಾವಿನ ಪರವಿದ್ದ ಸಿ ಪಾಳಿಯ ಹದಿನಾಲ್ಕು ಜನರನ್ನು ಫೋರ್‌ಮನ್ ಮನೆಗೆ ಬಿಡಲಿಲ್ಲ. ಡೆಸಿರೇ ಒಬ್ಬಳು ಜಗಳವಾಡಿ ಬಂದಿದ್ದಳು. ಚರ್ಚೆ ಮುಗಿಯಿತು. ಪರವಾಗಿರುವವರು ಕೈ ಎತ್ತಿ ಎಂದಾಗ ಮೂವತ್ತೆಂಟು ಕೈ ಎದ್ದವು, ಲಿಯಾನ್‌ನದು ಏಳಲಿಲ್ಲ. ವಿರೋಧ ಎಂದಾಗ ನಲವತ್ತೊಂದು ಕೈ ಎದ್ದವು. ಅದರಲ್ಲಿ ಮಧ್ಯದ ಬೆರಳಿನ ತುದಿಯಿಲ್ಲದ ಒಂದು ಕೈಯನ್ನು ಇಡೀ ಸಭಾಂಗಣ ಗುರುತು ಹಿಡಿಯಿತು. ಆ ತುದಿ ಹೋಗಿದ್ದು ಇದೇ ಮಿಲ್ಲಿನಲ್ಲಿ.

ಬರ್ನಡೀನ್‌ಗೆ ಈ ಸುದ್ದಿ ತಿಳಿದದ್ದು ಅಂಗಡಿಯಲ್ಲಿ, ಹಾಲಿನ ಡಬ್ಬ ಕೈಯಲ್ಲಿ ಹಿಡಿದು ನಿಂತಾಗ. ಮನೆಗೆ ಬಂದು ಕೇಳಿದಳು.

"ಬೇಡ ಅಂತ ಕೈ ಎತ್ತಿದ್ಯಾ?"

"ಎತ್ತಿದೆ."

"ನನ್ನನ್ನ ನೋಡಿ ಹೇಳು."

"ಬರ್ನೀ, ಎರಡನೇ ಶನಿವಾರ ಬರ್ಲಿ, ಎಲ್ಲಾ ಹೇಳ್ತೀನಿ. ಅಲ್ಲೀವರೆಗೆ ಕೇಳಬೇಡ."

"ಅಲ್ಲೀವರೆಗೆ ನೀನೂ ನನ್ನ ಮಾತಾಡಿಸಬೇಡ."

ಮಾತಿಗೆ ತಪ್ಪಲಿಲ್ಲ ಅವಳು. ಇಪ್ಪತ್ತಮೂರು ದಿನ ಅವನ ಜೊತೆ ಮಾತಾಡಲಿಲ್ಲ. ಸೂಪು ಒಲೆಯ ಮೇಲಿದೆ ಎಂದು ಚೀಟಿ ಬರೆದಿಟ್ಟಳು. ಅವನು ಒಂದೆರಡು ಸಲ ಬಾಯಿ ತೆರೆದ. ಇವಳು ನಲ್ಲಿ ತಿರುಗಿಸಿ ಪಾತ್ರೆ ತೊಳೆದಳು. ಇಪ್ಪತ್ತನಾಲ್ಕನೇ ದಿನ, ಮಂಗಳವಾರ ಬೆಳಿಗ್ಗೆ, ಅವನು ಕೆಲಸಕ್ಕೆ ಹೊರಟು ಟ್ರಕ್ ಚಾಲೂ ಮಾಡಿದ. ಅಡಿಗೆಮನೆಯ ಕಿಟಕಿಯಿಂದ ಬಿಳಿ ಹೊಗೆ ಕಾಣುತ್ತಿತ್ತು. ಟ್ರಕ್ ಅಲುಗಲಿಲ್ಲ. ಮುನಿಸಿಕೊಂಡು ಕೂತಿದ್ದಾನೆ, ಕೂರಲಿ, ಕರೆದರೆ ನಾನು ಸೋತ ಹಾಗೆ ಎಂದುಕೊಂಡು ಇವಳು ಕಾಫಿ ಕುಡಿದಳು, ಬಟ್ಟಲು ತೊಳೆದಳು. ಇಪ್ಪತ್ತು ನಿಮಿಷವಾದ ಮೇಲೆ ಪಕ್ಕದ ಮನೆಯವನು ಬಂದು ಬಾಗಿಲು ಬಡಿದ.

ಇನ್ನೂ ಬೇಗ ಬಂದಿದ್ದರೆ ನಿಂತ ಹೃದಯವನ್ನು ಮತ್ತೆ ನಡೆಸಬಹುದಿತ್ತೇನೋ ಎಂದು ಆಂಬುಲೆನ್ಸಿನವಳು ಯಾರಿಗೋ ಹೇಳುತ್ತಿದ್ದದ್ದು ಇವಳ ಕಿವಿಗೂ ಬಿತ್ತು.

* * *

ಸ್ಮಶಾನದಲ್ಲಿ ಚಳಿಗೆ ಹೆಪ್ಪುಗಟ್ಟಿದ ನೆಲ ಇನ್ನೂ ಗಟ್ಟಿಯಾಗಿತ್ತು, ಅಗೆಯಲು ಯಂತ್ರ ತರಿಸಿದ್ದರು. ಪಾದ್ರಿಯವರು ಬೇಗ ಮುಗಿಸಿದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುವಾಗ ಕ್ಲೆಮ್ ಮಣ್ಣಿನ ಜೊತೆ ಬ್ಯಾಜನ್ನೂ ಹಾಕಿದ. ಪೆಟ್ಟಿಗೆಯ ಮೇಲೆ ಅದು ಟಣ್ ಎಂದಿತು. ಬರ್ನಡೀನ್ ಅವನನ್ನು ದುರುಗುಟ್ಟಿ ನೋಡಿದಳು, ಆದರೆ ಹೊಂಡಕ್ಕೆ ಇಳಿದು ತೆಗೆಯುವಂತಿರಲಿಲ್ಲ.

ಊಟ ಯೂನಿಯನ್ ಸಭಾಂಗಣದಲ್ಲೇ. ಆ ಊರಲ್ಲಿ ಮಿಲ್ಲಿನವರು ಸತ್ತರೆ ಬೇರೆಲ್ಲೂ ಮಾಡುವುದಿಲ್ಲ. ಹಂದಿಮಾಂಸ, ಸಾಸೇಜು, ಆಲೂಗಡ್ಡೆ ತುಂಬಿದ ಪಿಯೆರೋಗಿ ಕಡುಬು, ಅಗಲ ತಟ್ಟೆಯಲ್ಲಿ ಕೇಕು. ಅಧ್ಯಕ್ಷ ಡುವೇನ್ ಟಿಲ್ಲರಿ ಬರ್ನಡೀನ್‌ಳ ಪಕ್ಕ ಬಂದು ಬಗ್ಗಿ ನಿಂತ. ದೊಡ್ಡ ಆಳು, ದೊಡ್ಡ ದನಿ, ಆದರೆ ಸಾವಿನ ಮನೆಯಲ್ಲಿ ಹೇಗೆ ಮಾತಾಡಬೇಕೆಂದು ಬಲ್ಲವನು.

"ಒಂದು ಮಾತು ಕೇಳ್ಬೇಕಿತ್ತು ಬರ್ನಡೀನ್. ಇವತ್ತು ಎರಡನೇ ಶನಿವಾರ. ಎರಡು ಗಂಟೆಗೆ ಸಭೆ. ಮುಂದೂಡೋಣ ಅಂದ್ರೆ ಸೋಮವಾರ ಯೂನಿಯನ್ನಿನ ರಾಜ್ಯ ಸಮ್ಮೇಳನ ಇದೆ, ಅದಕ್ಕೆ ಮುಂಚಿನ ಸಭೆ ರದ್ದು ಮಾಡೋ ಹಾಗಿಲ್ಲ ಅಂತ ನಮ್ಮ ನಿಯಮಾವಳಿ. ನಿನಗೆ ಬೇಜಾರಾಗಲ್ಲ ತಾನೆ?"

"ನಂಗ್ಯಾಕೆ ಬೇಜಾರು. ಅವನಿಗೂ ಇವತ್ತಿನ ಸಭೆಗೆ ಬರೋದಿತ್ತು."

ಡುವೇನ್ ಅವಳ ಭುಜ ಒತ್ತಿ, ಲೋಟಕ್ಕೆ ಚಮಚದಿಂದ ಬಡಿದು ಎಲ್ಲರನ್ನೂ ಸುಮ್ಮನಾಗಿಸಿದ. ಸಭಾಂಗಣ ತುಂಬಿತ್ತು. ಸಿ ಪಾಳಿಯವರಿಗೆ ಇವತ್ತು ರಜೆ, ಹದಿನಾಲ್ಕು ಜನವೂ ಇಸ್ತ್ರಿ ಮಾಡಿದ ಅಂಗಿ ಹಾಕಿ ಗೋಡೆಯ ಪಕ್ಕ ಸಾಲಾಗಿ ಕೂತಿದ್ದರು.

"ಬ್ರದರ್ ಲಿಯಾನ್ ನಮ್ಮನ್ನ ಏಳು ವರ್ಷ ಕಾಡಿದ," ಎಂದ ಡುವೇನ್. ಜನ ನಕ್ಕರು. "ಅವನು ಎದ್ರೆ ನಾನೂ ಕೋಟು ಹುಡುಕ್ತಿದ್ದೆ, ಸುಳ್ಳು ಹೇಳಲ್ಲ. ಆದ್ರೆ ಕೊನೇ ಸಭೇಲಿ ಅವನು ನಮ್ಮ ಜೊತೆ ಕೈ ಎತ್ತಿದ. ನಾವು ಕಷ್ಟಪಟ್ಟು ಗಳಿಸಿದ ವಿಮೇನ ಬಿಟ್ಟುಕೊಡಬಾರದು ಅಂತ ಅವನಿಗೂ ಅನ್ನಿಸ್ತು. ತಪ್ಪು ತಿದ್ದಿಕೊಳ್ಳೋದಕ್ಕೆ ಎಂಟೆದೆ ಬೇಕು. ಅಂಥ ಎದೆಗಾರಿಕೆ ಇದ್ದ ನಮ್ಮ ಬ್ರದರ್ ನೆನಪಿಗೆ."

ಲೋಟಗಳು ಎದ್ದವು. ಗೋಡೆಯ ಪಕ್ಕದಿಂದ ಒಂದು ದನಿಯೂ ಎದ್ದಿತು.

"ಸತ್ತವರ ಊಟದಲ್ಲೂ ಗೆದ್ದಿದ್ದನ್ನ ಹೇಳ್ಕೊಬೇಕಾ?" ಎಂದಳು ಡೆಸಿರೇ. ಇಪ್ಪತ್ತೊಂಬತ್ತರ ಹೆಂಗಸು, ಮಿಲ್ಲಿಗೆ ಸೇರಿ ನಾಲ್ಕು ವರ್ಷ. "ಅವರು ಕೈ ಎತ್ತಿದ್ದು ನೋಡಿ ಆ ದಿನ ನಾನು ಕಾರಲ್ಲಿ ಕೂತು ಅತ್ತಿದೀನಿ. ಇವತ್ತು ಬರೋದೇ ಬೇಡ ಅಂತಿದ್ದೆ."

"ಕೂತ್ಕೊಳಮ್ಮ," ಎಂದ ಡುವೇನ್ ಮೆಲ್ಲಗೆ.

"ಯಾಕೆ ಕೂತ್ಕೊಬೇಕು? ನಿಮ್ಮ ವಿಮೆ ಬಂಗಾರ, ನಮ್ಮದು ತಗಡು. ಒಂದೇ ಯೂನಿಯನ್, ಒಂದೇ ಚಂದಾ. ಹೊಸಬರಿಗೆ ಕಡಿಮೆ ಕೊಡಿ ಅಂತ ಕಂಪನಿ ಕೇಳ್ದಾಗ ಸಹಿ ಹಾಕಿದ್ದು ನೀವೇ ತಾನೆ? ನನ್ನ ಮಗಳಿಗೆ ಉಬ್ಬಸ ಬಂದ್ರೆ ಮೊದಲು ಜೇಬು ನೋಡ್ಕೊಂಡು ಆಮೇಲೆ ಆಸ್ಪತ್ರೆಗೆ ಹೋಗ್ತೀನಿ."

"ಆ ವಿಮೆಗೋಸ್ಕರ ನಾವು ಹನ್ನೆರಡು ವರ್ಷ ಸಂಬಳದ ಏರಿಕೆ ಬಿಟ್ಟಿದೀವಿ ಕಣಮ್ಮ. ನೀನಾಗ ಸ್ಕೂಲಲ್ಲಿದ್ದೆ." ಡುವೇನನ ದನಿ ಈಗ ಏರಿತು. "ಆಲ್ಬನಿಯವರ ಕೈಗೆ ಕೊಟ್ಟುಬಿಟ್ವಿ ಅನ್ನು. ನಾಳೆ ಬಜೆಟ್ಟಲ್ಲಿ ಕತ್ತರಿ ಹಾಕಿದ್ರು ಅಂತಿಟ್ಕೋ. ಯಾರ ಗೇಟ್ ಮುಂದೆ ಸ್ಟ್ರೈಕ್ ಮಾಡ್ಲಿ ನಾನು? ಗವರ್ನರ್ ಮನೆ ಮುಂದೆನಾ?"

"ಈಗ ಸ್ಟ್ರೈಕ್ ಮಾಡಿದ್ರೆ ಏನಾಗುತ್ತೆ? ಮುಂದಿನ ಒಂದನೇ ತಾರೀಕಿಗೇ ವಿಮೆ ಕಾರ್ಡು ಸತ್ತಿರುತ್ತೆ. ನೀವು ನೋಡಿಲ್ವಾ?"

"ನೋಡಿದೀವಿ," ಎಂದ ಕ್ಲೆಮ್, ತಟ್ಟೆಯಿಂದ ತಲೆ ಎತ್ತದೆ. "ನೋಡಿದ ಮೇಲೂ ಉಳಿಸಿಕೊಂಡ್ವಿ. ನನ್ನ ಹೆಂಡತಿ ಜೋನ್‌ಗೆ ನರದ ಕಾಯಿಲೆ, ತಿಂಗಳಿಗೊಂದು ಇಂಜೆಕ್ಷನ್. ಇರೋದನ್ನ ಕೊಟ್ಟು ಕಾಗದದ ಮೇಲಿರೋದನ್ನ ತಗೊಳ್ಳೋಕೆ ನನಗೇನು ತಲೆ ಕೆಟ್ಟಿದೆಯಾ?"

ಮೂರು ಮೇಜಿನಿಂದ ಒಟ್ಟಿಗೆ ಮಾತು ಶುರುವಾಯಿತು. ಒಬ್ಬ ಕೆನಡಾದಲ್ಲಿ ಎಲ್ಲರಿಗೂ ಸರ್ಕಾರಿ ವಿಮೆ ಇದೆ ಎಂದ, ಇನ್ನೊಬ್ಬ ತೆರಿಗೆ ಎಂದ, ಮತ್ತೊಬ್ಬ ಚಂದಾ ಕಟ್ಟದವರನ್ನೆಲ್ಲ ನಾವ್ಯಾಕೆ ಸಾಕಬೇಕು ಎಂದ. ಅವನ ಸ್ವಂತ ಮಗನೇ ಎರಡು ವರ್ಷದಿಂದ ಕೆಲಸವಿಲ್ಲದೆ ಚಂದಾ ಕಟ್ಟದವನು, ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ. ಬರ್ನಡೀನ್ ತನ್ನ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ಅವನ ಹೆಸರು ಬಿಟ್ಟು ಜಗಳ ಆಡಿ," ಎಂದಳು. "ಇವರ ಕಡೆಯವನೂ ಅಲ್ಲ, ನಿಮ್ಮ ಕಡೆಯವನೂ ಅಲ್ಲ. ಹೇಡಿ ಅವನು."

ಅವಳು ಎದ್ದು ಅಡಿಗೆಕೋಣೆಗೆ ನಡೆದಳು.

* * *

ಏಳು ವರ್ಷದ ಹಿಂದಿನ ಸ್ಟ್ರೈಕ್ ಹದಿನಾಲ್ಕು ವಾರ ನಡೆದಿತ್ತು. ಬರ್ನಡೀನ್‌ಗೆ ಆಗ ಸ್ತನದ ಕ್ಯಾನ್ಸರು. ಎಂಟು ಸಲ ಔಷಧಿ ಏರಿಸಬೇಕಿತ್ತು, ನಾಲ್ಕು ಮುಗಿದಿತ್ತು. ಐದನೆಯದಕ್ಕೆ ಹೋದಾಗ ಕೌಂಟರಿನ ಹುಡುಗಿ ಕಾರ್ಡನ್ನು ಎರಡು ಸಲ ಒತ್ತಿ ನೋಡಿ, ಪಕ್ಕದವಳನ್ನು ಕರೆದು ತೋರಿಸಿ, ಆಮೇಲೆ ಲಿಯಾನ್‌ಗೆ ತಿರುಗಿಸಿ ಕೊಟ್ಟಳು. ಕಂಪನಿ ಒಂದನೇ ತಾರೀಕಿಗೆ ಎಲ್ಲರ ವಿಮೆಯನ್ನೂ ಕಿತ್ತುಹಾಕಿತ್ತು. ಲಿಯಾನ್ ಕೌಂಟರನ್ನು ಎರಡೂ ಕೈಯಿಂದ ಹಿಡಿದು ನಿಂತ. ಬಯ್ಯಲು ಅವನಿಗೆ ಮಾತು ಹೊರಡಲಿಲ್ಲ. ಹಿಂದೆ ನಿಂತಿದ್ದವರು ಸ್ವಲ್ಪ ಸರಿಯಿರಿ ಎಂದರು.

ಮೂರು ಸಲದ ಔಷಧಿ ತಪ್ಪಿತು. ಬರ್ನಡೀನ್ ಬದುಕಿದಳು, ಅದು ಬೇರೆ ಮಾತು. ಅರವತ್ತಕ್ಕೆ ನಿವೃತ್ತಿಯಾಗಿ ಕೆರೆಯಲ್ಲಿ ಮೀನು ಹಿಡಿಯುತ್ತೇನೆ ಎನ್ನುತ್ತಿದ್ದವನು ಆಮೇಲೆ ಆ ಮಾತೆತ್ತಲಿಲ್ಲ. ಇವಳ ತಪಾಸಣೆಗಳೆಲ್ಲ ಅವನ ಕೆಲಸಕ್ಕೆ ಗಂಟು ಬಿದ್ದಿದ್ದವು. ಅರವತ್ತಮೂರಾದರೂ ಏಣಿ ಹತ್ತಿ ಬಿಸಿ ಪೈಪಿನ ಕೆಳಗೆ ಮಲಗುತ್ತಿದ್ದ.

ಅದೇ ಸ್ಟ್ರೈಕಿನಲ್ಲಿ ಇನ್ನೊಂದು ನಡೆದಿತ್ತು. ಗುರುವಾರ ಬೆಳಿಗ್ಗೆ ಹಿಂದಿನ ಗೇಟನ್ನು ಅಡ್ಡಗಟ್ಟುವುದು ಎಂದು ನಾಲ್ಕೇ ಜನ ಮಾತಾಡಿಕೊಂಡಿದ್ದರು. ಲಿಯಾನ್ ಹೆಂಡತಿಗೆ ಹೇಳಿದ. ಬರ್ನಡೀನ್ ಚರ್ಚಿನ ಮೀನೂಟದಲ್ಲಿ ಒಬ್ಬಳಿಗೆ ಹೇಳಿದಳು, ಹೆಮ್ಮೆಯಿಂದಲೇ. ಗುರುವಾರ ಇವರಿಗಿಂತ ಮುಂಚೆ ಪೊಲೀಸರು ಗೇಟಿನಲ್ಲಿದ್ದರು. ಠಾಣೆಯಿಂದ ಸಂಜೆ ಮನೆಗೆ ಬಂದ ಲಿಯಾನ್ ಕೈ ತೊಳೆದು ಊಟಕ್ಕೆ ಕೂತ. "ಯಾರು ಬಾಯಿಬಿಟ್ರೋ" ಎಂದು ಇವಳೇ ಕೇಳಿದಳು. ಅವನು ಅವಳನ್ನು ಒಮ್ಮೆ ನೋಡಿ, "ಉಪ್ಪು ಕೊಡು" ಎಂದ. ಗೊತ್ತಿತ್ತು ಅವನಿಗೆ. ಒಂದು ದಿನವೂ ಎತ್ತಿ ಆಡಲಿಲ್ಲ.

* * *

ಅಡಿಗೆಕೋಣೆಯಲ್ಲಿ ಯೂನಿಯನ್ನಿನ ಕಾರ್ಯದರ್ಶಿ ರೊಸಾಲಿ ಕಾರ್ಬೋನ್ ಕಾಫಿ ಸೋಸುತ್ತಿದ್ದಳು. ಇಪ್ಪತ್ತು ವರ್ಷದಿಂದ ಸಭೆಯ ನಡಾವಳಿ ಬರೆಯುವವಳು ಅವಳೇ. ಬರ್ನಡೀನ್‌ಳನ್ನು ನೋಡಿ ಬಾಗಿಲು ಹಾಕಿದಳು.

"ಹೇಡಿ ಅಂದ್ಯಲ್ಲ."

"ಇನ್ನೇನು ಅನ್ಲಿ? ನಿನಗೂ ಅವನನ್ನ ಹೊಗಳಬೇಕಾ?"

"ಸುಮ್ನೆ ಕೇಳು. ಆ ದಿನ ಸಭೆಗೆ ಹತ್ತು ನಿಮಿಷ ಇರುವಾಗ ಲಿಯಾನ್ ನನ್ನ ಹತ್ರ ಬಂದು ನಿಯಮಾವಳಿ ಪುಸ್ತಕ ಕೇಳ್ದ. ಸಿ ಪಾಳಿಯವರನ್ನ ಮಿಲ್ಲಲ್ಲಿ ಹಿಡಿದಿಟ್ಟಿದಾರೆ, ತಲೆ ಎಣಿಸಿದೀನಿ, ಇವತ್ತು ಒಂದೆರಡು ಮತದಲ್ಲಿ ಸೋಲ್ತೀವಿ ರೊಸಾಲಿ ಅಂದ. ಬಿದ್ದುಹೋದ ಠರಾವನ್ನ ಒಂದು ವರ್ಷ ಮತ್ತೆ ತರೋ ಹಾಗಿಲ್ಲ. ಒಂದೇ ದಾರಿ ಇದೆ. ಮುಂದಿನ ಸಭೇಲಿ ಯಾರಾದ್ರೂ ಎದ್ದು ಇದನ್ನ ಮತ್ತೆ ಮತಕ್ಕೆ ಹಾಕಿ ಅಂತ ಕೇಳ್ಬಹುದು. ಆದ್ರೆ ಕೇಳೋನು ಗೆದ್ದ ಕಡೆ ಮತ ಹಾಕಿರಬೇಕು. ಸೋತವರು ಕೇಳೋ ಹಾಗಿಲ್ಲ."

ಬರ್ನಡೀನ್ ಸಿಂಕಿನ ಅಂಚು ಹಿಡಿದುಕೊಂಡಳು.

"ಅದಕ್ಕೆ ಅವನು ಬೇಡ ಅಂತ ಕೈ ಎತ್ತಿದ," ಎಂದಳು ರೊಸಾಲಿ. "ಇವತ್ತು ಎದ್ದು ಕೇಳೋದಕ್ಕೆ. ಯಾರಿಗೂ ಹೇಳಬೇಡ, ಗೊತ್ತಾದ್ರೆ ಡುವೇನ್ ಕಡೆಯವರೂ ಜನ ಸೇರಿಸ್ತಾರೆ ಅಂದಿದ್ದ. ಬರ್ನೀಗೆ ಹೇಳು ಅಂದೆ ನಾನು."

"ಏನಂದ?"

ರೊಸಾಲಿ ಕಾಫಿ ಪಾತ್ರೆ ಕಡೆ ನೋಡಿದಳು.

"ಏನಂದ ಹೇಳು."

"ಅವಳಿಗೆ ಹೇಳಿದ್ರೆ ಚರ್ಚಿಗೆ ಹೇಳಿದ ಹಾಗೆ ಅಂದ. ನಗ್ತಾನೇ ಅಂದ ಕಣೇ, ಸಿಟ್ಟಿಂದಲ್ಲ. ಎರಡನೇ ಶನಿವಾರ ಮಧ್ಯಾಹ್ನ ನಾನೇ ಅವಳ ಕಾಲು ಹಿಡೀತೀನಿ ಅಂದ."

ಬಿಳಿ ಹೊಗೆ ಬಿಡುತ್ತ ನಿಂತಿದ್ದ ಟ್ರಕ್ಕು, ತಾನು ಕುಡಿದ ಕಾಫಿ, ಎಲ್ಲವೂ ಒಟ್ಟಿಗೆ ಬರ್ನಡೀನ್‌ಳ ಕಣ್ಣೆದುರು ಬಂದವು. "ಕತ್ತೆ," ಎಂದಳು. "ಹೇಳಬೇಕಿತ್ತು. ಬಾಯಿಗೆ ಬಟ್ಟೆ ಕಟ್ಟಿ ಹೇಳಬೇಕಿತ್ತು ನನಗೆ. ಇಪ್ಪತ್ತಮೂರು ದಿನ ರೊಸಾಲಿ. ಆ ಮನುಷ್ಯನಿಗೆ ಚೀಟಿ ಬರೆದಿಟ್ಟೆ ನಾನು."

ರೊಸಾಲಿ ಅವಳ ಬೆನ್ನ ಮೇಲೆ ಕೈ ಇಟ್ಟಳು. ಬರ್ನಡೀನ್ ಆ ಕೈಯನ್ನು ತಳ್ಳಿದಳು.

"ನೀನು ಈಗ ಎದ್ದು ಕೇಳು."

"ನಾನು ಹೌದು ಅಂದವಳು. ಸೋತ ಕಡೆ. ನನ್ನಿಂದಾಗಲ್ಲ. ಡೆಸಿರೇಯಿಂದಾಗಲ್ಲ. ನಲವತ್ತೊಂದರಲ್ಲಿ ಒಬ್ಬರು ಬೇಕು. ಲಿಯಾನ್ ಹೋದ, ಉಳಿದಿದ್ದು ನಲವತ್ತು. ಇವತ್ತು ಕೇಳದೆ ಹೋದ್ರೆ ಸೋಮವಾರ ನಮ್ಮ ಪ್ರತಿನಿಧಿಗಳು ಸಮ್ಮೇಳನದಲ್ಲಿ ಮಸೂದೆ ಬೇಡ ಅಂತಲೇ ಹೇಳಿ ಬರಬೇಕು."

ಗೋಡೆಯ ಗಡಿಯಾರದಲ್ಲಿ ಎರಡು ಗಂಟೆಗೆ ಒಂಬತ್ತು ನಿಮಿಷವಿತ್ತು.

* * *

ಕ್ಲೆಮ್ ಸಭಾಂಗಣದ ಬಾಗಿಲ ಬಳಿ ನಿಂತು ಸದಸ್ಯರ ಹೆಂಡತಿಯರನ್ನೂ ಮಕ್ಕಳನ್ನೂ ಹೊರಗೆ ಕಳಿಸುತ್ತಿದ್ದ. ಯೂನಿಯನ್ನಿನ ಬಾಗಿಲು ಕಾಯುವ ಜವಾಬ್ದಾರಿ ಹತ್ತು ವರ್ಷದಿಂದ ಅವನದು. ಸದಸ್ಯರಲ್ಲದವರು ಸಭೆಯಲ್ಲಿ ಇರಬಾರದು, ಅವನು ಬಾಗಿಲು ಮುಚ್ಚಿದ ಮೇಲೆಯೇ ಅಧ್ಯಕ್ಷ ಸುತ್ತಿಗೆ ಬಡಿಯಬೇಕು. ಬಾಗಿಲಿನ ಚಿಲಕ ಕೆಟ್ಟು ಎಷ್ಟೋ ಕಾಲವಾಗಿತ್ತು. ಪೈಪು ಜೋಡಿಸುವವರ ಯೂನಿಯನ್ನಿಗೆ ಒಂದು ಚಿಲಕ ಸರಿಮಾಡಿಸಲು ಆಗಿರಲಿಲ್ಲ, ಅದಕ್ಕೂ ಒಂದು ಸಮಿತಿಯಿತ್ತು. ಸಭೆ ಮುಗಿಯುವ ತನಕ ಕ್ಲೆಮ್ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ.

ಬರ್ನಡೀನ್ ನೆಟ್ಟಗೆ ಅವನ ಎದುರು ಬಂದು ನಿಂತಳು. ರೊಸಾಲಿ ಹೇಳಿದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಕ್ಲೆಮ್‌ನ ಮುಖದ ಬಣ್ಣ ಹೋಯಿತು.

"ನನಗೂ ಹೇಳ್ಲಿಲ್ಲ ಅವನು," ಎಂದ.

"ನಿನಗೆ ಯಾಕೆ ಹೇಳ್ತಾನೆ? ನೀನು ಆ ಕಡೆಯವನು. ಈಗ ನೀನು ಎದ್ದು ಕೇಳು."

"ಬರ್ನೀ, ನನ್ನ ಮನಸ್ಸು ಬದಲಾಗಿಲ್ಲ. ಸತ್ತವನಿಗೋಸ್ಕರ ನಾನು ಜೋನ್‌ಳ ಇಂಜೆಕ್ಷನ್ ಪಣಕ್ಕಿಡಲಾ?"

"ಮತ ಹಾಕು ಅಂತ ಹೇಳ್ತಿಲ್ಲ. ಕೇಳು ಅಷ್ಟೆ. ಆಮೇಲೆ ಬೇಡ ಅಂತಲೇ ಕೈ ಎತ್ತು, ಯಾರು ಬೇಡ ಅಂದ್ರು."

"ಕೇಳಿದ್ರೆ ಗೆಲ್ತಾರೆ. ಸಿ ಪಾಳಿ ಪೂರ್ತಿ ಕೂತಿದೆ, ನೋಡ್ತಿಲ್ವಾ."

ಬರ್ನಡೀನ್ ಕೋಟಿನ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಅವನ ಮೂಗಿನ ಹತ್ತಿರ ಹಿಡಿದಳು.

"ನಿನ್ನೆ ಬಂತು, ಅವನು ಸತ್ತ ಮೂರನೇ ದಿನ. ಹೂವಿನ ಅಂಗಡಿಯವನಿಗಿಂತ ಮುಂಚೆ ಕಂಪನಿಯವರು ಬಂದ್ರು. ಓದು."

ಕ್ಲೆಮ್ ಕನ್ನಡಕ ಸರಿಮಾಡಿಕೊಂಡು ಓದಿದ. ನೌಕರನ ಮರಣದಿಂದಾಗಿ ಪತ್ನಿಯ ವಿಮೆ ಈ ತಿಂಗಳ ಕೊನೆಯ ದಿನಕ್ಕೆ ಮುಗಿಯುತ್ತದೆ ಎಂದಿತ್ತು. ಮುಂದುವರಿಸಬೇಕಿದ್ದರೆ ಪೂರ್ತಿ ಕಂತನ್ನು ಅವಳೇ ಕಟ್ಟಿಕೊಳ್ಳಬಹುದು, ದುಃಖದಲ್ಲಿ ನಾವೂ ಭಾಗಿಗಳು ಎಂದಿತ್ತು.

"ಒಂದು ವರ್ಷ ಇರುತ್ತಲ್ಲ," ಎಂದ ಅವನು. "ವಿಧವೆಯರಿಗೆ ಒಂದು ವರ್ಷ ಅಂತ ಇತ್ತು."

"ಇತ್ತು. ಹೋದ ಒಪ್ಪಂದದಲ್ಲಿ ಬಿಟ್ಟುಕೊಟ್ರಿ. ಮಾತುಕತೆಗೆ ಕೂತ ಐದು ಜನರಲ್ಲಿ ನೀನೂ ಒಬ್ಬ. ಕನ್ನಡಕಕ್ಕೂ ಹಲ್ಲಿಗೂ ಕಂಪನಿ ಕೊಡೋದು ಉಳೀಬೇಕು ಅಂದ್ರೆ ಇದನ್ನ ಬಿಡಿ ಅಂದ್ರು, ಬಿಟ್ರಿ. ಯಾರೂ ಸಾಯಲ್ಲ ಅಂದ್ಕೊಂಡ್ರಿ. ಆ ಒಪ್ಪಂದಕ್ಕೆ ಲಿಯಾನ್ ಬೇಡ ಅಂದಿದ್ದ, ನೆನಪಿದೆಯಾ? ಆಗಲೂ ನೀವು ಕೋಟು ಹಾಕ್ಕೊತಿದ್ರಿ."

"ಆವತ್ತು ಬೆಳಗಿನ ಜಾವ ಆಗಿತ್ತು," ಎಂದ ಕ್ಲೆಮ್. "ಹತ್ತೊಂಬತ್ತು ಗಂಟೆ ಕೂತಿದ್ವಿ ಅಲ್ಲಿ."

"ನಿನ್ನ ಕನ್ನಡಕ ಚೆನ್ನಾಗಿದೆ ಕ್ಲೆಮ್. ಹೊಸದಾ?"

ಅವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಾನು ಒಂದು ತಪಾಸಣೆ ತಪ್ಪಿಸ್ಕೊತೀನಿ, ಎರಡು ತಪ್ಪಿಸ್ಕೊತೀನಿ. ಹೋಗ್ಲಿ, ನನ್ನದು ಬಿಡು. ನಿನಗೆ ಅರವತ್ತೆರಡು. ದಿನಾ ಅದೇ ಏಣಿ ಹತ್ತುತೀಯ. ಜೋನ್‌ಗೆ ಈ ಕಾಗದ ಯಾವತ್ತು ಬರುತ್ತೋ ಗೊತ್ತಿಲ್ಲ ನಂಗೆ. ಆದ್ರೆ ನೀನು ಸತ್ತ ಮೂರನೇ ದಿನ ಬರುತ್ತೆ. ಅದಂತೂ ಗ್ಯಾರಂಟಿ. ನೀನೇ ಸಹಿ ಹಾಕಿ ಬಂದಿದೀಯ."

ಕ್ಲೆಮ್ ಕಾಗದ ಮಡಿಸಿ ಅವಳಿಗೆ ವಾಪಸು ಕೊಟ್ಟ. ವೇದಿಕೆಯಿಂದ ಡುವೇನ್ ಕೂಗಿದ, "ಬ್ರದರ್ ಕ್ಲೆಮ್, ಬಾಗಿಲು."

"ಹೊರಗೆ ಹೋಗು ಬರ್ನೀ," ಎಂದ ಕ್ಲೆಮ್. "ನೀನು ಸದಸ್ಯೆ ಅಲ್ಲ."

"ಇಷ್ಟೇನಾ?"

"ಹೊರಗೆ ಹೋಗು."

ಹೋದಳು. ಅವಳ ಮುಖದ ಮುಂದೆಯೇ ಬಾಗಿಲು ಮುಚ್ಚಿತು. ಅದರ ಮೇಲ್ಭಾಗದಲ್ಲಿ ಅಂಗೈಯಗಲದ ಗಾಜು. ಗಾಜಿನಾಚೆ ಕ್ಲೆಮ್‌ನ ಕಪ್ಪು ಕೋಟಿನ ಬೆನ್ನು ಮಾತ್ರ ಕಾಣುತ್ತಿತ್ತು, ಅವನ ಭುಜದ ಮೇಲಿಂದ ಒಂಚೂರು ವೇದಿಕೆ. ಬರ್ನಡೀನ್‌ಗೆ ಆ ಬೆನ್ನಿಗೆ ಗುದ್ದಬೇಕೆನ್ನಿಸಿತು. ಹೊರಗೆ ಸದಸ್ಯರ ಹೆಂಡತಿಯರು ತೊಳೆದ ಪಾತ್ರೆಗಳನ್ನು ಒರೆಸಿ ಜೋಡಿಸುತ್ತಿದ್ದರು. ಒಬ್ಬಳು ಕುರ್ಚಿ ತಂದಿಟ್ಟಳು. ಇವಳು ಕೂರಲಿಲ್ಲ.

ಸುತ್ತಿಗೆಯ ಸದ್ದು ಕೇಳಿತು. ರೊಸಾಲಿ ಹಾಜರಿ ಓದಿದಳು. ಪ್ರುಸ್ಕಿ ಎಂದಾಗ ಕುರ್ಚಿಗಳು ಸರಿದು ಎಲ್ಲರೂ ಎದ್ದು ಒಂದು ನಿಮಿಷ ನಿಂತರು. ಮತ್ತೆ ಕೂತರು. ಹೋದ ಸಭೆಯ ನಡಾವಳಿ ಓದಿಯಾಯಿತು, ಒಪ್ಪಿಯಾಯಿತು.

"ಹೋದ ಸಭೆಯಿಂದ ಉಳಿದ ವಿಷಯ ಏನಾದರೂ ಇದೆಯಾ?" ಎಂದ ಡುವೇನ್.

ಡೆಸಿರೇ ಎದ್ದಳು. "ಆ ಠರಾವನ್ನ ಮತ್ತೆ ಮತಕ್ಕೆ ಹಾಕಬೇಕು ಅಂತ ಕೇಳ್ತೀನಿ."

"ನೀನು ಯಾವ ಕಡೆ ಮತ ಹಾಕಿದ್ದೆ?"

"ಪರವಾಗಿ."

"ಹಾಗಾದ್ರೆ ನೀನು ಕೇಳೋ ಹಾಗಿಲ್ಲಮ್ಮ. ಗೆದ್ದ ಕಡೆಯವರು ಮಾತ್ರ ಕೇಳ್ಬಹುದು. ಕೂತ್ಕೋ." ಡುವೇನ್ ಸಭೆಯ ಮೇಲೆ ಕಣ್ಣಾಡಿಸಿದ. "ಬೇರೆ ಯಾರಾದರೂ?"

ಬೇಡ ಎಂದಿದ್ದವರು ತಂತಮ್ಮ ಮೊಣಕಾಲು ನೋಡಿಕೊಂಡು ಕೂತಿದ್ದರು. ರೊಸಾಲಿ ಪೆನ್ನು ಹಿಡಿದು ಬಾಗಿಲ ಕಡೆಗೇ ನೋಡುತ್ತಿದ್ದಳು. ಬರ್ನಡೀನ್ ಗಾಜಿಗೆ ಹಣೆ ಒತ್ತಿದಳು. ಈ ಹೊತ್ತಿಗೆ ಲಿಯಾನ್ ಎದ್ದಿರುತ್ತಿದ್ದ. ಗಂಟಲು ಕೆರೆದುಕೊಂಡು ಗೊಣಗುತ್ತಿದ್ದ. ಸಾಯಂಕಾಲ ಮನೆಗೆ ಬಂದು, ಕೇಳೇ ಬರ್ನೀ, ಎನ್ನುತ್ತಿದ್ದ.

"ಬೇರೆ ಯಾರೂ ಇಲ್ಲದಿದ್ದರೆ," ಎಂದು ಡುವೇನ್ ಸುತ್ತಿಗೆ ಎತ್ತಿದ.

ಗಾಜಿನಿಂದ ಕಪ್ಪು ಬೆನ್ನು ಸರಿಯಿತು. ಒರಗಿದವನಿಲ್ಲದೆ ಬಾಗಿಲು ಕಿರುಗುಟ್ಟುತ್ತ ತಾನಾಗಿಯೇ ಒಳಗೆ ತೆರೆದುಕೊಂಡಿತು. ಪಾತ್ರೆ ಒರೆಸುತ್ತಿದ್ದ ಹೆಂಗಸರು ಕೈಯಲ್ಲಿ ಬಟ್ಟೆ ಹಿಡಿದೇ ಬಂದು ಬರ್ನಡೀನ್‌ಳ ಹಿಂದೆ ನಿಂತರು. ಒಳಗೆ ಕೂತವರೆಲ್ಲ ತಿರುಗಿ ಹೊಸ್ತಿಲನ್ನು ನೋಡಿದರು. ಹೊರಗೆ ಹೋಗಿ ಎನ್ನಬೇಕಾದವನು ಅಷ್ಟರಲ್ಲಿ ಕುರ್ಚಿಗಳ ನಡುವಿನ ದಾರಿಯಲ್ಲಿ ಅರ್ಧ ದೂರ ಹೋಗಿ, ಮೈಕಿನ ಕಡೆ ನಡೆಯುತ್ತಿದ್ದ.